ಇಲ್ಲ ಎಂಬುದರ ಮಾದರಿ

ಕೈಗುಣ ಅನ್ನುವುದು ಅಪ್ಪನಿಂದ ಮಗನಿಗೆ ಇಳಿಯುವುದೇ ಕಷ್ಟ, ಇನ್ನು ಯಂತ್ರಕ್ಕೆ ಇಳಿಯುವುದುಂಟೇ ಎಂದು ಹುಬ್ಬಳ್ಳಿಯ ಜನ ನಗುತ್ತಿದ್ದ ಕಾಲದಲ್ಲೇ, ಹಳೆಯ ಹತ್ತಿ ಗಿರಣಿಯ ಗೋದಾಮಿನೊಳಗೆ ಕೊಕ್ಕರೆ ಬಂದು ನಿಂತಿತು.

ಅದರ ಸರ್ಕಾರಿ ಹೆಸರು ಬೇರೆ ಏನೋ ಇತ್ತು. ಅದು ಕಾಗದದಲ್ಲೇ ಉಳಿಯಿತು. ಉದ್ದನೆಯ ಬಿಳಿ ಕುತ್ತಿಗೆ, ತುದಿಗೆ ಸೂಜಿಯ ಕೊಕ್ಕು, ನಿಲ್ಲಲು ಒಂದೇ ಕಾಲು. ಎದುರಿಗೆ ಕೈ ಚಾಚಿ ಕೂತರೆ ಅಲುಗಾಡದೆ ದಿಟ್ಟಿಸಿ ನೋಡುತ್ತ ನಿಲ್ಲುತ್ತಿತ್ತು, ಆಮೇಲೆ ಒಂದೇ ಸಲ ಬಾಗಿ ಕುಕ್ಕುತ್ತಿತ್ತು. ಉಣಕಲ್ ಕೆರೆಯ ದಂಡೆಯಲ್ಲಿ ಮೀನಿಗೆ ಕಾಯುವ ಹಕ್ಕಿಯನ್ನು ಕಂಡವರು ಯಾರೂ ಇನ್ನೊಂದು ಹೆಸರು ಹುಡುಕಲು ಹೋಗಲಿಲ್ಲ.

ಯಕೃತ್ತು ತಿನ್ನುವ ಹೆಪಟೈಟಿಸ್ ಸಿ ವೈರಸ್ಸು ಹಳೆಯ ಗುಳಿಗೆಗಳಿಗೆ ಬಗ್ಗದಂತಾದ ಮೇಲೆ ಕಟ್ಟಿದ ಯಂತ್ರವದು. ಕುತ್ತಿಗೆಯ ಕೆಳಗೆ ಅಂಗೈಯಗಲದ ಗಾಜಿನ ಡಬ್ಬಿ ಇರುತ್ತಿತ್ತು. ಕೊಕ್ಕಿನಿಂದ ರಕ್ತ ನೇರವಾಗಿ ಅದರೊಳಗೆ ಬಿದ್ದರೆ, ಆ ಮನುಷ್ಯನ ಮೈಯಲ್ಲಿರುವ ವೈರಸ್ಸಿನ ಗುರುತನ್ನು ಓದಿ, ಅದಕ್ಕೇ ಹೊಂದುವ ಮದ್ದನ್ನು ನಾಲ್ಕು ತಾಸಿನಲ್ಲಿ ಹದ ಮಾಡಿ, ಅದೇ ಸೂಜಿಯಿಂದ ಮರಳಿ ಮೈಗೆ ಕಳಿಸುತ್ತಿತ್ತು. ಒಂದೇ ದಿನ, ಒಂದೇ ಚುಚ್ಚು. ರಕ್ತಕ್ಕೆ ಗಾಳಿ ತಾಗಿದರೂ ಮದ್ದು ಕೆಡುತ್ತದೆಂದು, ಮನುಷ್ಯರ ಕೈ ತೆಗೆದ ರಕ್ತಕ್ಕೆ ಡಬ್ಬಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಎಲ್ಲ ಸರಿ. ಆದರೆ ಈ ರೋಗ ಯಾರಲ್ಲಿ ಹೆಚ್ಚೋ ಅವರ ಕೈಯಲ್ಲಿ ರಕ್ತನಾಳವೇ ಉಳಿದಿರಲಿಲ್ಲ. ವರ್ಷಗಟ್ಟಲೆ ನಶೆಯ ಸೂಜಿ ಚುಚ್ಚಿಕೊಂಡ ತೋಳುಗಳು ಬೇಸಿಗೆಯ ಹಳ್ಳದ ಹಾಗೆ ಬತ್ತಿದ್ದವು. ಗಟ್ಟಿಮುಟ್ಟಾದ ತೋಳುಗಳ ಮೇಲೆ ಪಾಠ ಕಲಿತು ಬಂದ ಕೊಕ್ಕರೆ ಅವರ ಮೇಲೆ ಮೂರು ಸಲ ತಡಕಾಡಿ, ಕೆಂಪು ದೀಪ ಹಚ್ಚಿ, ಆ ಹೆಸರಿಗೆ ತೊಂಬತ್ತು ದಿನದ ಬೀಗ ಜಡಿಯುತ್ತಿತ್ತು.

ಗೋದಾಮಿನ ಆ ಚಿಕಿತ್ಸಾ ಕೇಂದ್ರದ ತಂತ್ರಜ್ಞೆ ದಾಕ್ಷಾಯಣಿ ಹೊಳೆಪ್ಪನವರ. ಇಪ್ಪತ್ತಾರರ ಹುಡುಗಿ, ಮಾತು ಕಡಿಮೆ. ಬಂದವರಿಗೆ ಕೆಂಪು ದೀಪದ ಅರ್ಥ ಹೇಳುವುದೇ ಅವಳ ಮುಖ್ಯ ಕೆಲಸವಾಗಿಬಿಟ್ಟಿತ್ತು. ಹೇಳಿ ಮುಗಿಯುವುದರೊಳಗೆ ಅವರು ಎದ್ದು ಹೋಗಿರುತ್ತಿದ್ದರು.

ಒಂದು ಬೆಳಗ್ಗೆ ಆ ಕುರ್ಚಿಯಲ್ಲಿ ಎಸ್ತರ್ ಕೂತಿದ್ದಳು. ರೈಲ್ವೆ ಕ್ವಾರ್ಟರ್ಸಿನ ಹೆಂಗಸು. ಗಂಡ ಹಚ್ಚಿದ ಚಟ, ಗಂಡ ಹೋದರೂ ಚಟ ಹೋಗಿರಲಿಲ್ಲ. ಕೊಕ್ಕು ಅವಳ ಎರಡೂ ತೋಳುಗಳ ಮೇಲೆ ಎರಡು ಸಲ ಸುಳಿದು ಬರಿಗೈಯಲ್ಲಿ ಮರಳಿತು.

"ಬಾಯಾರ, ಇದಕ್ಕ ಚಾಳೀಸು ಹಾಕಸ್ರಿ. ಎದುರಿಗೆ ಮನಷ್ಯಾಳ ಕುಂತೇನಿ, ಕಾಣವಲ್ದು ಅಂತೈತಿ," ಎಂದಳು. ದಾಕ್ಷಾಯಣಿ ಮೂರನೆಯ ಸಲಕ್ಕೆ ಗುಂಡಿ ಒತ್ತಲು ಹೋದಾಗ ಅವಳ ಕೈ ಹಿಡಿದಳು. "ತಡೀರಿ. ಏ ಕಂಪೌಂಡರ್! ಬಾ ಇಲ್ಲೆ, ನಿನ್ನ ಕೆಲಸ ಐತಿ!"

ಬಾಗಿಲ ಬಳಿ ನಿಂತಿದ್ದವನು ಒಳಗೆ ಬಂದ. ಐವತ್ತರ ಸುಮಾರಿನ ತೆಳ್ಳನೆಯ ಮನುಷ್ಯ, ಬಿಳಿ ಅಂಗಿ, ತೋಳಿನ ಗುಂಡಿ ಮಣಿಕಟ್ಟಿನವರೆಗೆ ಹಾಕಿದ್ದ. ಪರಶುರಾಮ ಬದ್ದಿ. ಎಸ್ತರಳ ಮೊಣಕೈಯನ್ನು ಬಟ್ಟಲಿನ ಹಾಗೆ ಎಡಗೈಯಲ್ಲಿ ಹಿಡಿದು, ಬಲಗೈಯ ನಡುಬೆರಳನ್ನು ಚರ್ಮದ ಮೇಲೆ ಇಟ್ಟ. ಒತ್ತಲಿಲ್ಲ. ಕಣ್ಣು ಗೋಡೆಯ ಕಡೆಗಿತ್ತು. ಬೆರಳು ಇರುವೆಯ ಹಾಗೆ ನಡೆದು, ಹೆಬ್ಬೆರಳಿನ ಬುಡದಲ್ಲಿ ನಿಂತಿತು.

"ಇಲ್ಲೈತ್ರಿ ಬಾಯಾರ. ನಿದ್ದಿ ಮಾಡಾಕತ್ತೈತಿ, ಸಾವಕಾಶ ಎಬ್ಬಸ್ರಿ."

ದಾಕ್ಷಾಯಣಿ ಆ ಜಾಗವನ್ನು ಪರದೆಯ ಮೇಲೆ ಗುರುತು ಮಾಡಿದಳು. ಕೊಕ್ಕು ಬಾಗಿತು. ಡಬ್ಬಿಯ ತಳ ಕೆಂಪಾಯಿತು. ಸಂಜೆ ಎಸ್ತರ್ ಮೈಯಲ್ಲಿ ಮದ್ದು ಹಾಕಿಕೊಂಡು ಹಾಡು ಗುನುಗುತ್ತ ಮನೆಗೆ ಹೋದಳು.

ಪರಶುರಾಮ ಇಪ್ಪತ್ತು ವರ್ಷ ಮಕ್ಕಳ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್ ಆಗಿದ್ದವನು. ಅವನು ಚುಚ್ಚಿದರೆ ಕೂಸುಗಳಿಗೆ ಅಳುವುದು ಮರೆಯುತ್ತಿತ್ತಂತೆ. ಡಾಕ್ಟರು ತೀರಿಕೊಂಡು ದವಾಖಾನೆ ಮುಚ್ಚಿದ ಮೇಲೆ, ಬೆನ್ನುನೋವಿಗೆಂದು ತಾನೇ ಚುಚ್ಚಿಕೊಂಡ ಔಷಧ ಅವನನ್ನು ಬಿಡಲಿಲ್ಲ. ಗಿರಣಿಯ ಹಿಂದಿನ ಗೋಡೆಯ ಬಳಿ ಸೇರುವ ಏಳೆಂಟು ಜನಕ್ಕೆ ನರ ಹುಡುಕಿಕೊಡುತ್ತಿದ್ದವನು ಅವನೇ. ಮೊದಲು ಎಲ್ಲರದು, ಕಡೆಗೆ ತನ್ನದು. ಸೂಜಿ ಒಂದೇ ಇದ್ದ ದಿನಗಳಲ್ಲೂ ಹಾಗೆಯೇ. ಸಿ ವೈರಸ್ಸು ಅವನ ಮೈ ಹೊಕ್ಕದ್ದು ಆ ಮರ್ಯಾದೆಯ ದಾರಿಯಿಂದ.

ವಿಷಯ ಬೆಂಗಳೂರಿನ ನಿಯಂತ್ರಣ ಕೊಠಡಿಗೆ ಮುಟ್ಟಿತು. ಅಲ್ಲಿನ ಎಂಜಿನಿಯರ್ ಶ್ರೀವತ್ಸ ವಾರದೊಳಗೆ ಒಂದು ಕೈಗವಸು ಕಳಿಸಿದ. ಬೂದು ಬಣ್ಣದ್ದು, ಬೆರಳ ತುದಿಗಳಲ್ಲಿ ಕೂದಲೆಳೆಯಂಥ ತಂತಿಗಳು. ಅದನ್ನು ತೊಟ್ಟು ಪರಶುರಾಮ ನರ ಹುಡುಕಿದರೆ, ಅವನ ಬೆರಳು ಕಂಡದ್ದನ್ನೆಲ್ಲ ಯಂತ್ರ ಕಲಿಯುವುದು. ಕಲಿತದ್ದು ಬೀದರಿನಿಂದ ಕೊಳ್ಳೇಗಾಲದವರೆಗಿನ ಮುನ್ನೂರು ಕೊಕ್ಕರೆಗಳಿಗೂ ಹೋಗುವುದು. ಮುನ್ನೂರಕ್ಕೂ ಮಿದುಳು ಒಂದೇ.

"ಒಂದು ವಿಷಯ ಮೇಡಂ," ಎಂದ ಶ್ರೀವತ್ಸ ಪರದೆಯೊಳಗಿಂದ. "‘ಹೌದು’ ಎಷ್ಟು ಕಲಿಸ್ತೀರೋ ‘ಇಲ್ಲ’ ಕೂಡ ಅಷ್ಟೇ ಕಲಿಸಬೇಕು. ಇಲ್ಲ ಅನ್ನೋದು ಗೊತ್ತಿಲ್ಲದ ಯಂತ್ರ ಕಂಡಕಂಡಲ್ಲಿ ಚುಚ್ಚತ್ತೆ. ನರ ಇಲ್ಲದ ಕಡೆ ಅವರು ಬೆರಳಿಟ್ಟು ‘ಇಲ್ಲ’ ಅಂತ ಹೇಳ್ಬೇಕು, ನೀವು ಕೆಂಪು ಗುಂಡಿ ಒತ್ಬೇಕು."

ಪರಶುರಾಮ ತಲೆಯಾಡಿಸಿದ. ಒಪ್ಪಿಗೆಯ ಆಡಿಸುವಿಕೆ ಅದಾಗಿರಲಿಲ್ಲ.

"ಇಲ್ಲ ಅಂತ ನಾ ಯಾರಿಗೂ ಹೇಳಾಂಗಿಲ್ರಿ. ಹತ್ತು ದವಾಖಾನ್ಯಾಗ ಇಲ್ಲ ಅನಿಸ್ಕೊಂಡು ಇಲ್ಲಿಗೆ ಬಂದಿರತಾರ. ನಾನೂ ಬೆರಳಿಟ್ಟು ಇಲ್ಲ ಅಂದ್ರ ಆ ಮನಷ್ಯಾ ತಿರುಗಿ ಈ ಬಾಗಲಾ ತುಳ್ಯಾಂಗಿಲ್ಲ."

"ಹಂಗಾದ್ರ ಇಲ್ಲ ಎಲ್ಲಿಂದ ತರೋದ್ರಿ?" ಎಂದು ದಾಕ್ಷಾಯಣಿ ಕೇಳಿದಳು.

ಅವನು ಎಡಗೈಯ ತೋಳಿನ ಗುಂಡಿ ಬಿಚ್ಚಿದ. ಅಂದಿನವರೆಗೆ ಆ ತೋಳನ್ನು ಅವಳು ನೋಡಿರಲಿಲ್ಲ. "ನನ್ನ ಕೈ ಐತೆಲ್ರಿ. ಖಾಲಿ ಮನಿ. ಎಷ್ಟ ಬೇಕಾದ್ರೂ ಅಡ್ಡ್ಯಾಡ್ಲಿ."

ಹೀಗೆ ಶುರುವಾಯಿತು. ಬಂದವರ ಕೈಯಲ್ಲಿ ಪರಶುರಾಮ ಹೌದನ್ನು ಹುಡುಕುತ್ತಿದ್ದ. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತು, ಕೈಗವಸು ತೊಟ್ಟ ಬಲಗೈಯಿಂದ ತನ್ನ ಎಡದೋಳನ್ನು ಮಣಿಕಟ್ಟಿನಿಂದ ಭುಜದವರೆಗೆ ಮುಟ್ಟುತ್ತ ಹೋಗುತ್ತಿದ್ದ. "ಇಲ್ಲ. ಇಲ್ಲ. ಇಲ್ಲೂ ಇಲ್ಲ." ದಾಕ್ಷಾಯಣಿ ಪ್ರತಿ ಮಾತಿಗೂ ಕೆಂಪು ಗುಂಡಿ ಒತ್ತುತ್ತಿದ್ದಳು. ಕೊಕ್ಕರೆ ಕುತ್ತಿಗೆ ಓರೆ ಮಾಡಿ ಒಳ್ಳೆಯ ವಿದ್ಯಾರ್ಥಿಯ ಹಾಗೆ ನೋಡುತ್ತಿತ್ತು. ನಡುನಡುವೆ ಅವನು ಅದಕ್ಕೆ ಗದರುವುದೂ ಇತ್ತು: "ಲಕ್ಷ್ಯ ಇಲ್ಲೆ ಕೊಡು, ಹೊರಗ ಏನ ನೋಡತಿ?"

ಮೇಲ್ದೋಳಿನ ಒಳಬದಿಗೆ, ಕಂಕುಳಿಗೆ ನಾಲ್ಕು ಬೆರಳು ಕೆಳಗೆ, ಅವನ ಬೆರಳು ಪ್ರತಿ ಸಲವೂ ಅರೆಗಳಿಗೆ ನಿಂತಂತೆ ಮಾಡಿ ಮುಂದೆ ಸರಿಯುತ್ತಿತ್ತು. ಕೈಗವಸು ಕಂಡದ್ದನ್ನು ತೋರಿಸುವ ಪರದೆಯ ಗೆರೆಯೂ ಅಲ್ಲಿ ಸ್ವಲ್ಪ ತಲೆ ಎತ್ತಿ ಮಲಗುತ್ತಿತ್ತು.

"ಅಲ್ಲೇನರೆ ಐತೇನ್ರಿ?" ಎಂದು ಅವಳು ಒಮ್ಮೆ ಕೇಳಿದಳು.

"ಇಲ್ರಿ ಬಾಯಾರ."

ಕೇಳಿದ್ದನ್ನೇ ಎರಡನೆಯ ಸಲ ಕೇಳುವ ಸ್ವಭಾವ ಅವಳದಲ್ಲ. ಕೆಂಪು ಗುಂಡಿ ಒತ್ತಿದಳು.

"ಈಗ ಕೈಗವಸು ಐತಿ, ಎಲ್ಲೆರೆ ಒಂದ ನರಾ ಹುಡುಕಿ ನಿಮ್ಮದೂ ಮುಗಿಸಿಬಿಡೂಣಲ್ರಿ?" ಎಂದು ಎರಡು ಮೂರು ಸಲ ಹೇಳಿದ್ದುಂಟು. ಅವನು ಸಾಲಿನ ಕಡೆ ಕೈ ತೋರಿಸುತ್ತಿದ್ದ. "ಅವರದಾಗ್ಲಿ. ನಂದು ಕಡೇಕ. ಮೊದಲಿಂದ ಹಂಗ ಬಂದೇತಿ." ಅವನ ಕಣ್ಣಿನ ಬಿಳಿಯಲ್ಲಿ ಆಗಲೇ ಅರಿಸಿನದ ಛಾಯೆ ಇತ್ತು. ಅದನ್ನು ಅವಳು ನೋಡಿದ್ದಳು, ಅವನೂ ಕನ್ನಡಿಯಲ್ಲಿ ನೋಡಿಕೊಂಡಿದ್ದ.

ಆ ತೋಳಿನುದ್ದಕ್ಕೂ ನಾಲ್ಕು ಸಾವಿರ ಸಲ ಬೆರಳು ಓಡಿದ ಮೇಲೆ, ಮೂರು ತಿಂಗಳಿಗೆ ಪಾಠ ಮುಗಿಯಿತು. ಯಂತ್ರಕ್ಕೆ ಒಪ್ಪಿಗೆ ಕೊಡುವ ಸರ್ಕಾರಿ ಸಮಿತಿಯವರು ಬಂದು ಪರೀಕ್ಷೆ ಮಾಡಿದರು. ಕೊಕ್ಕರೆ ಈಗ ಕೈಗವಸಿಲ್ಲದೆ, ಯಾರ ಸಹಾಯವೂ ಇಲ್ಲದೆ, ಬತ್ತಿದ ತೋಳುಗಳಲ್ಲಿ ಹನಿ ಹುಡುಕುತ್ತಿತ್ತು. ಹತ್ತರಲ್ಲಿ ಒಂಬತ್ತು ಕೈಗಳಿಗೆ ಮೊದಲ ಸಲವೇ. ಅದು ಚರ್ಮದ ಮೇಲೆ ಕೊಕ್ಕಿನ ತುದಿಯನ್ನು ಒತ್ತದೆ ಇಡುವ ರೀತಿ ನೋಡಿದರೆ ಥೇಟ್ ಪರಶುರಾಮನೇ. ಸಮಿತಿಯವರು ಚಪ್ಪಾಳೆ ತಟ್ಟಿದರು. ಕಲಿಕೆಗೆ ಮೊಹರು ಹಾಕಿದರು. ಇನ್ನು ಮೇಲೆ ಯಾರೂ ಅದಕ್ಕೆ ಏನನ್ನೂ ಸೇರಿಸುವಂತಿಲ್ಲ, ಏನನ್ನೂ ತೆಗೆಯುವಂತಿಲ್ಲ, ಕೈಯಿಂದ ಜಾಗ ಗುರುತು ಮಾಡುವಂತಿಲ್ಲ. ಕೈಗವಸನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು.

ಮರುದಿನ ಪರಶುರಾಮನ ಪಾಳಿ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಜೊತೆಗೆ ಅವನ ಅಕ್ಕ ಅಂಬಾಬಾಯಿ. ಖಾರದೂಟದ ಸಾವಜಿ ಖಾನಾವಳಿ ನಡೆಸುವ ಗಟ್ಟಿ ಹೆಂಗಸು. ಮದುವೆಯೇ ಆಗದ ತಮ್ಮನನ್ನು ನಲವತ್ತು ವರ್ಷದಿಂದ ಬೈಯುತ್ತ ಸಾಕಿದವಳು.

"ಇದೇನ ನಿನ್ನ ಶಿಷ್ಯಾ?" ಎಂದು ಕೊಕ್ಕರೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನಂಗ ಸಣಕಲ ಐತಿ. ಹೊಟ್ಟಿಗೇನೂ ಹಾಕಾಂಗಿಲ್ಲೇನ ಇದಕ್ಕ?"

ಎಲ್ಲರೂ ನಕ್ಕರು. ಪರಶುರಾಮ ಅಂಗಿಯ ತೋಳನ್ನು ಭುಜದವರೆಗೆ ಮಡಿಸಿ ಎಡಗೈ ಚಾಚಿದ. ಬಲಗೈ, ಕಾಲುಗಳ ರಕ್ತನಾಳಗಳು ಎಂದೋ ಬತ್ತಿದ್ದವು. ಕೊಕ್ಕು ಇಳಿಯಿತು. ಚರ್ಮಕ್ಕೆ ತಾಗುವ ಮೊದಲೇ ಕೆಂಪು ದೀಪ ಹತ್ತಿತು.

ಉಳಿದವರ ತೋಳನ್ನು ಎರಡು ಮೂರು ನಿಮಿಷ ಹುಡುಕಿ ಆಮೇಲೆ ಸೋಲುತ್ತಿದ್ದ ಯಂತ್ರ, ಇಲ್ಲಿ ಹುಡುಕಲೇ ಇಲ್ಲ. ದಾಕ್ಷಾಯಣಿ ಕುರ್ಚಿ ತಿರುಗಿಸಿ ಕೂರಿಸಿದಳು. ಕೆಂಪು. ತೋಳಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಅರ್ಧ ತಾಸು ಬಿಟ್ಟು, ಮೇಲ್ದೋಳನ್ನಷ್ಟೇ ತೋರಿಸಿದಳು. ಕೊಕ್ಕು ಕಂಕುಳಿನ ಸಮೀಪಕ್ಕೆ ಹೋಗಿ, ಅರೆಗಳಿಗೆ ನಿಂತಂತೆ ಮಾಡಿ, ಮುಂದೆ ಸರಿಯಿತು. ಕೆಂಪು. ಪರದೆಯ ಮೇಲೆ ಅವನ ಹೆಸರಿನ ಪಕ್ಕ ತೊಂಬತ್ತು ದಿನದ ಬೀಗ ಬಿತ್ತು.

ಆ ಸರಿಯುವಿಕೆ ಅವಳಿಗೆ ಪರಿಚಿತವಾಗಿತ್ತು. ಅವಳು ಮೆಲ್ಲನೆ ಕೇಳಿದಳು: "ಅಲ್ಲಿ ಐತೇನ್ರಿ?"

ಪರಶುರಾಮ ಅಂಗಿಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕುತ್ತ ಕೂತ. ಮಣಿಕಟ್ಟಿನ ಗುಂಡಿ ಹಾಕಿ ಮುಗಿಸಿ, "ಐತ್ರಿ," ಎಂದ.

"ಮತ್ತ ಇಲ್ಲ ಅಂದ್ರೆಲ್ಲ?"

"ಕಡೇ ನರಾ ಯಾರಿಗೂ ತೋರಸಬಾರದ್ರಿ. ನಮ್ಮ ಸೂಜಿ ಮಂದಿಯೊಳಗ ಹಂಗೈತಿ. ನರ್ಸ್ ನೋಡಿದ್ರ ಒಡದ ಹಾಕ್ತಾರ, ಪೊಲೀಸ್ರು ನೋಡಿದ್ರ ಬೂಟ ಇಡ್ತಾರ. ಹೆಂಡ್ತಿಗೂ ತೋರಸಾಂಗಿಲ್ಲ. ಬಾಯಿ ತಾನ ಇಲ್ಲ ಅಂದಬಿಡತೈತಿ. ಯಂತ್ರಕ್ಕ ಹೇಳಾಕತ್ತೇನಿ ಅನ್ನೂದು ನೆನಪಾಗಲಿಲ್ಲ."

"ನಾಕು ಸಾವಿರ ಸಲ ಸುಳ್ಳು ಹೇಳಿದ್ರಿ."

"ಸುಳ್ಳು ಒಂದ ರಿ ಬಾಯಾರ. ಸಲ ನಾಕು ಸಾವಿರ."

ಎಸ್ತರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನನ್ನ ಕೈ ಹಿಡೀತೇನಿ, ಅವನ ಹೆಸರ ಬರಕೋರಿ. ಮದ್ದು ಬಂದ ಮ್ಯಾಲ ಅವನಿಗೆ ಕೊಡ್ರಿ," ಎಂದಳು.

"ನಿಮ್ಮ ರಕ್ತದಾಗ ಈಗ ವೈರಸ್ಸ ಇಲ್ಲಲ್ರಿ ಎಸ್ತರಕ್ಕ. ಮದ್ದು ಏನ ಓದಿ ಮಾಡಬೇಕದು?"

ಎಸ್ತರ್ ಮೊದಲ ಸಲ ತನ್ನ ಆರೋಗ್ಯಕ್ಕೆ ನಾಚಿಕೊಂಡವಳಂತೆ ಕೈ ಸೆರಗಿನೊಳಗೆ ಎಳೆದುಕೊಂಡಳು.

ಜನರೆಲ್ಲ ಚದುರಿದ ಮೇಲೆ ಪರಶುರಾಮ ಒಂದು ಖಾಲಿ ನಳಿಕೆ ಬೇಡಿದ. ದಾಕ್ಷಾಯಣಿ ಯಾಕೆಂದು ಕೇಳದೆ ಹೊಸ ಸೂಜಿ, ನಳಿಕೆ ಎರಡನ್ನೂ ಕೊಟ್ಟಳು. ಅವನು ಗೋಡೆಯ ಕಡೆಗೆ ತಿರುಗಿ ನಿಂತ. ಈಗಲೂ ಅದನ್ನು ಅವಳಿಗೆ ತೋರಿಸಲಾಗಲಿಲ್ಲ ಅವನಿಗೆ. ಹತ್ತು ಎಣಿಸುವಷ್ಟರಲ್ಲಿ ತಿರುಗಿ, ತುಂಬಿದ ನಳಿಕೆಯನ್ನು ಕೊಟ್ಟ. ಬೆಚ್ಚಗಿತ್ತು. ಅವಳು ಅದನ್ನು ಡಬ್ಬಿಯ ಉಕ್ಕಿನ ತುಟಿಗೆ ತಾಗಿಸಿ ಹಿಡಿದಳು. ಬೇಕಾದ್ದೆಲ್ಲ ಒಂದು ಗೇಣಿನೊಳಗೆ ಇತ್ತು: ರಕ್ತ, ಅದನ್ನು ಓದುವ ಗಾಜು, ಮದ್ದು ಮಾಡುವ ಯಂತ್ರ. ತುಟಿ ತೆರೆಯಲಿಲ್ಲ. ಇನ್ನೊಂದು ಬದಿಯಿಂದ ತಾಗಿಸಿದಳು. ನಳಿಕೆ ಅವಳ ಬೆರಳುಗಳ ನಡುವೆ ತಣ್ಣಗಾಗುತ್ತ ಬಂದು, ಒಳಗಿನ ರಕ್ತ ಗಾಜಿಗೆ ಅಂಟಿಕೊಳ್ಳತೊಡಗಿತು.

"ಬಿಡ್ರಿ," ಎಂದ ಪರಶುರಾಮ. "ಶಿಷ್ಯಾ ಭಾಳ ಕಟ್ಟುನಿಟ್ಟ ಐತಿ. ಮಾಸ್ತರಗೂ ಬಾಗಲಾ ತಗ್ಯಾಂಗಿಲ್ಲ."

ಅವಳು ನಳಿಕೆಯನ್ನು ಆಸ್ಪತ್ರೆ ಕಸದ ಹಳದಿ ಬಕೀಟಿಗೆ ಹಾಕಿದಳು. ಕೈ ತೊಳೆದು ಬರುವಷ್ಟರಲ್ಲಿ ಅವನು ಹೋಗಿದ್ದ.

ಶ್ರೀವತ್ಸನಿಗೆ ಅವಳು ಅಂದೇ ಕರೆ ಮಾಡಿದಳು. ಅವನು ದಾಖಲೆಗಳನ್ನು ತೆರೆದು ಒಂದೊಂದಾಗಿ ನೋಡಿದ. ಅವನ ಹಿಂದಿನ ಗೋಡೆಯಲ್ಲಿ ರಾಜ್ಯದ ನಕ್ಷೆಯಿತ್ತು. ಗುಣವಾದವರು ಹಸಿರು ಚುಕ್ಕೆಗಳಾಗಿ ಅದರ ತುಂಬ ಮೊಳೆತಿದ್ದರು.

"ಎಲ್ಲಾ ‘ಇಲ್ಲ’ಗಳೂ ಒಂದೇ ಕೈಯಿಂದ ಬಂದಿವೆ ಮೇಡಂ. ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಲಿಲ್ಲ ಸರ್."

"ಹೌದು," ಎಂದ ಅವನು. "ಕೇಳ್ಲಿಲ್ಲ." ಹಣೆ ತಿಕ್ಕಿಕೊಂಡ. "ಇಲ್ಲ ಅಂದ್ರೆ ಏನು ಅಂತ ಅದಕ್ಕೆ ಗೊತ್ತಾಗಿರೋದೇ ಆ ತೋಳಿನಿಂದ. ಬೇರೆ ಯಾವ ತೋಳನ್ನಾದ್ರೂ ಅದು ಅನುಮಾನಿಸಿ ಹುಡುಕತ್ತೆ. ಆ ತೋಳಿನ ಬಗ್ಗೆ ಅದಕ್ಕೆ ಅನುಮಾನವೇ ಇಲ್ಲ."

"ಅವನ್ನ ಅಳಿಸಿಬಿಡ್ರಿ ಸರ್. ನಾಕು ಸಾವಿರಾನೂ."

"ಆ ಒಂದು ಜಾಗದ್ದಷ್ಟೇ ಬಿಡಿಸಿ ತೆಗೆಯೋಕಾಗಲ್ಲ, ಎಲ್ಲಾ ಅಳಿಸಿದ್ರೆ ಇಲ್ಲ ಅನ್ನೋದನ್ನೇ ಮರೆಯತ್ತೆ. ನಾಳೆ ಮುನ್ನೂರು ಕಡೆ ಸಿಕ್ಕಸಿಕ್ಕಲ್ಲಿ ಚುಚ್ಚತ್ತೆ. ಬೇರೆಬೇರೆ ಕೈಗಳಿಂದ ಹೊಸದಾಗಿ ಕಲಿಸ್ಬೇಕು, ಮತ್ತೆ ಪರೀಕ್ಷೆ, ಮತ್ತೆ ಮೊಹರು. ಅಷ್ಟೂ ದಿನ ಯಂತ್ರಗಳನ್ನ ನಿಲ್ಲಿಸ್ಬೇಕಾಗತ್ತೆ. ಸಮಿತಿ ಒಪ್ಪಬೇಕಲ್ಲ?"

"ಅವರ ಹತ್ರ ಅಷ್ಟು ದಿನ ಇಲ್ಲ ಸರ್."

"ನಿಲ್ಲಿಸಿದ್ರೆ ಇನ್ಯಾರದೋ ಹತ್ರ ಇರಲ್ಲ ಮೇಡಂ." ಗದರುವ ದನಿಯಲ್ಲ ಅದು. ಅವನ ಮುಖ ನೋಡಿದರೆ, ಇದಕ್ಕೆ ಅವಳೇ ಏನಾದರೂ ಉತ್ತರ ಹೇಳಿಯಾಳೇ ಎಂದು ಕಾಯುತ್ತಿದ್ದಂತಿತ್ತು.

ಅವಳು ಸಮಿತಿಗೆ ಅರ್ಜಿ ಬರೆದಳು. ಉತ್ತರ ಬರದಿದ್ದಾಗ ಇನ್ನೊಂದು ಬರೆದಳು. ಮೂರನೆಯದಕ್ಕೆ, ಇದು ಒಬ್ಬ ಫಲಾನುಭವಿಯ ವೈಯಕ್ತಿಕ ಸಮಸ್ಯೆ ಎಂಬ ಒಂದು ಸಾಲಿನ ಉತ್ತರ ಬಂತು. ಆದರೆ ಅದು ಒಬ್ಬನದಾಗಿ ಉಳಿಯಲಿಲ್ಲ. ರಾಯಚೂರಿನಿಂದ, ಮಂಗಳೂರಿನಿಂದ, ಕೋಲಾರದಿಂದ ಒಂದೊಂದೇ ವರದಿ ಬರತೊಡಗಿತು: ಮೇಲ್ದೋಳಿನ ಒಳಬದಿಯಲ್ಲಿ ಮಾತ್ರ ನರ ಉಳಿದವರ ಹತ್ತಿರ ಯಂತ್ರ ನಿಲ್ಲುತ್ತಿಲ್ಲ. ಕಟ್ಟಕಡೆಯ ನರವೊಂದನ್ನು ಬಚ್ಚಿಟ್ಟುಕೊಂಡು ಬದುಕಿದವರು, ಅಂದರೆ ಎಲ್ಲರಿಗಿಂತ ಹೆಚ್ಚು ಬಳಲಿದವರು, ಎಲ್ಲ ಊರುಗಳಲ್ಲೂ ಅದೇ ಕೆಂಪು ದೀಪ ನೋಡಿ ಎದ್ದು ಹೋಗುತ್ತಿದ್ದರು. ಪರಶುರಾಮನ ಒಂದು ಸುಳ್ಳನ್ನು ಕೊಕ್ಕರೆಗಳು ನಾಡಿನ ತುಂಬ ನಿಷ್ಠೆಯಿಂದ ಹೇಳುತ್ತಿದ್ದವು.

ಆ ಸುದ್ದಿಯನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ದಾಕ್ಷಾಯಣಿ ತೂಗಿ ನೋಡುತ್ತಲೇ ಖಾನಾವಳಿಗೆ ಹೋದಳು. ಮಧ್ಯಾಹ್ನದ ಗದ್ದಲ ಇಳಿದಿತ್ತು. ಎಸ್ತರ್ ಈಗ ಅಲ್ಲೇ ರೊಟ್ಟಿ ತಟ್ಟುತ್ತಿದ್ದಳು. ಒಲೆಯ ಮುಂದೆ ಅಂಬಾಬಾಯಿ ಕೆಂಪನೆಯ ಸಾರು ಕಲಕುತ್ತ, ಪಕ್ಕದ ಸಣ್ಣ ಪಾತ್ರೆಯಲ್ಲಿ ತಮ್ಮನಿಗೆಂದು ಬಿಳಿ ಗಂಜಿ ಇಟ್ಟಿದ್ದಳು. ಪರಶುರಾಮ ಬಾಗಿಲ ಬಳಿಯ ಹೊರಸಿನ ಮೇಲೆ ಕೂತಿದ್ದ. ಕೈಕಾಲು ಇನ್ನೂ ತೆಳ್ಳಗಾಗಿ, ಹೊಟ್ಟೆಯೊಂದೇ ಬೇರೆ ಯಾರದೋ ತಂದು ಕಟ್ಟಿದ ಹಾಗೆ ಉಬ್ಬಿತ್ತು.

"ಬಸರಿ ಬಯಕಿ ಊಟಕ್ಕ ಬಂದ್ರೇನ್ರಿ ಬಾಯಾರ?" ಎಂದು ಎಸ್ತರ್ ಕೂಗಿದಳು. "ಕಂಪೌಂಡರಗ ಎಷ್ಟನೇ ತಿಂಗಳ ಕೇಳ್ರಿ."

"ನಿನ್ನ ನಾಲಿಗಿಗೆ ಕೊಳ್ಳಿ ಇಡ್ಲಿ," ಎಂದಳು ಅಂಬಾಬಾಯಿ. ಪರಶುರಾಮ ಮಾತ್ರ ನಗುತ್ತಿದ್ದ.

ಅಂಬಾಬಾಯಿ ಸೌಟು ಕೆಳಗಿಟ್ಟು ದಾಕ್ಷಾಯಣಿಯ ಹತ್ತಿರ ಬಂದಳು. "ಯವ್ವಾ, ನಾ ಓದಿದಾಕಿ ಅಲ್ಲ. ಒಂದ ಹೇಳು. ಕಲಿಸಿದಾವನ ಕೈಯಾಗಿಂದ ಕಲತಿದ್ದು ಅಂದ ಮ್ಯಾಲ, ಅದಕ್ಕ ಅವನ ಕೈ ಗುರ್ತ ಹತ್ತೂದಿಲ್ಲೇನ? ಹೋಗಿ ನಾ ಮಾತಾಡಸ್ಲೇನ ಅದನ್ನ? ಬೈದ್ರ ಕೇಳತೈತೇನ?"

"ಗುರ್ತ ಹತ್ತೈತ್ರಿ ಅಂಬಕ್ಕಾರ. ಚಲೋತ್ನಾಗಿ ಹತ್ತೈತಿ. ಅದ ತೊಂದರಿ."

ಅಂಬಾಬಾಯಿಗೆ ಅದು ಅರ್ಥವಾಗಲಿಲ್ಲ. ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿ, "ತಿನ್ನು, ನೀನೂ ಸೊರಗಿದಿ," ಎಂದಳು.

ಪರಶುರಾಮನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವನ ಜನರಿಗೆ ರಾಯಚೂರು ದೂರವಲ್ಲ. ರೊಟ್ಟಿ ಮುರಿಯುತ್ತಿದ್ದ ದಾಕ್ಷಾಯಣಿಗೆ ಕೇಳುವಷ್ಟೇ ಸಣ್ಣ ದನಿಯಲ್ಲಿ ಅಂದ: "ನನ್ನೊಬ್ಬನದಾಗಿದ್ರ ಮಾಡಿದ್ದುಣ್ಣೋ ಮಾರಾಯ ಅಂತಿದ್ದೆ. ಅವರೆಲ್ಲಾ ಏನ ಮಾಡಿದ್ರ ರಿ? ನನ್ನ ಬಾಯಾಗಿನ ಇಲ್ಲ, ಅವರಿಗೆ ಹತ್ತಿತು."

"ಗುಂಡಿ ಒತ್ತಿದಾಕಿ ನಾನ ರಿ," ಎಂದಳು ದಾಕ್ಷಾಯಣಿ.

ಅವನು ಅವಳನ್ನು ನೋಡಿ, ಗಂಜಿಯ ಬಟ್ಟಲನ್ನು ಬಾಯಿಗೆತ್ತಿಕೊಂಡ.

ವರದಿಗಳು ನೂರು ದಾಟಿದ ಮೇಲೆ ಸಮಿತಿ ಸೇರಿತು. ಯಂತ್ರಗಳನ್ನು ಪಾಳಿಯ ಮೇಲೆ ನಿಲ್ಲಿಸಿ, ಬೇರೆ ಬೇರೆ ಊರುಗಳ ನೂರಾರು ತೋಳುಗಳಿಂದ ಹೊಸ ‘ಇಲ್ಲ’ಗಳನ್ನು ಕಲೆಹಾಕಿ ಕಲಿಸಿದರು. ಹೊಸ ಮೊಹರು ಬೀಳುವಾಗ ಪರಶುರಾಮ ಕೆಂಪು ದೀಪ ಕಂಡು ಎಂಟನೆಯ ತಿಂಗಳು ನಡೆಯುತ್ತಿತ್ತು. ಪರಶುರಾಮನನ್ನು ಆಟೋದಲ್ಲಿ ಕೂರಿಸಿಕೊಂಡು ಎಸ್ತರ್ ಬಂದಳು. ಅವನ ಅಂಗಿಯ ತೋಳನ್ನು ಅವಳೇ ಮಡಿಸಿದಳು. ಕೊಕ್ಕರೆ ದಿಟ್ಟಿಸಿತು, ಮಣಿಕಟ್ಟಿನಿಂದ ಮೇಲೇರಿತು, ಕಂಕುಳಿಗೆ ನಾಲ್ಕು ಬೆರಳು ಕೆಳಗೆ ನಿಂತಿತು. ಬಾಗಿ ಕುಕ್ಕಿತು. ಒಂದೇ ಸಲಕ್ಕೆ.

"ಚುಚ್ಚಿದ್ದ ತಿಳೀಲಿಲ್ರಿ," ಎಂದ ಪರಶುರಾಮ. ತನ್ನ ಕೈಗುಣ ಇನ್ನೊಂದು ಕೈಯಿಂದ ತನಗೇ ತಾಗಿದ್ದು ಅದೇ ಮೊದಲು. ನಾಲ್ಕು ತಾಸು ಬಾಯಿ ತೆರೆದುಕೊಂಡು ನಿದ್ದೆ ಹೋದ.

ಮೂರು ವಾರಕ್ಕೆ ಎರಡು ಕಾಗದಗಳು ಒಂದೇ ದಿನ ಕೈಗೆ ಬಂದವು.

ಮೊದಲನೆಯದು ದೊಡ್ಡಾಸ್ಪತ್ರೆಯಲ್ಲಿ. ಅಲ್ಲಿನ ಡಾಕ್ಟರು ಹೊಟ್ಟೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಪರಶುರಾಮನಿಗೂ ಜೊತೆಗೆ ಹೋಗಿದ್ದ ದಾಕ್ಷಾಯಣಿಗೂ ತೋರಿಸಿದರು. ಮದ್ದು ವೈರಸ್ಸನ್ನು ಓಡಿಸುತ್ತದೆ, ಅದು ಮಾಡಿಹೋದ ಗಾಯವನ್ನಲ್ಲ. ಯಕೃತ್ತು ಎಂದೋ ಕಲ್ಲಾಗಿದೆ. ಕಲ್ಲಿನೊಳಗೆ ಗಡ್ಡೆಗಳು ಎದ್ದಿವೆ. ಎಂಟು ತಿಂಗಳ ಹಿಂದೆ ಬಂದಿದ್ದರೆ, ಎಂದು ಶುರು ಮಾಡಿದ ಮಾತನ್ನು ಅವರೇ ಅರ್ಧಕ್ಕೆ ಬಿಟ್ಟರು. ಎಷ್ಟು ದಿನ ಎಂದು ಪರಶುರಾಮನೇ ಕೇಳಿದ, ಬಸ್ಸಿನ ವೇಳೆ ಕೇಳಿದ ಹಾಗೆ. ಎರಡು ತಿಂಗಳು, ಹೆಚ್ಚೆಂದರೆ ಮೂರು.

ಹೊರಗೆ ಬಂದ ಮೇಲೆ ಅವನು, "ಅಕ್ಕಗ ನಾ ಹೇಳ್ತೇನಿ, ನೀವು ಹೇಳಬ್ಯಾಡ್ರಿ," ಎಂದ. ಆಟೋ ಹತ್ತಿಸುವಾಗ ಅವಳು ಅವನ ಮೊಣಕೈ ಹಿಡಿದಳು. ಅದರಲ್ಲಿ ಹಿಡಿಯಲು ಏನೂ ಇರಲಿಲ್ಲ.

ಎರಡನೆಯದು ಕೇಂದ್ರಕ್ಕೆ ಮರಳಿದಾಗ ಮೇಜಿನ ಮೇಲಿತ್ತು. ‘ವೈರಸ್ ಕಂಡುಬಂದಿಲ್ಲ. ಗುಣಮುಖ.’ ಶ್ರೀವತ್ಸನ ಕರೆಯೂ ಬಂತು. "ನೋಡಿದ್ರಾ ಮೇಡಂ? ನಾನೇ ನಿಂತು ನಕ್ಷೇಲಿ ಆ ಹಸಿರು ಚುಕ್ಕೆ ಹಾಕ್ಸಿದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ." ಅವನ ದನಿಯಲ್ಲಿ ಎಂಟು ತಿಂಗಳ ಭಾರ ಇಳಿದ ಹಗುರ ಇತ್ತು. ಅವಳು ಹೂಂ ಎಂದಳು.

ಕಾಗದವನ್ನು ಖುದ್ದಾಗಿ ತಲುಪಿಸಬೇಕೆಂಬುದು ನಿಯಮ. ಮರುದಿನ ಮಧ್ಯಾಹ್ನ ಅವಳು ಖಾನಾವಳಿಯ ಮೆಟ್ಟಿಲು ಹತ್ತಿದಳು. ಬೆಂಚುಗಳ ಮೇಲೆ ಉಣ್ಣುವವರು ತುಂಬಿದ್ದರು. ಪರಶುರಾಮ ಹೊರಸಿನ ಮೇಲೆ ಚಾದರ ಹೊದ್ದು ಕೂತಿದ್ದ. ಹೇಳಿದಿರಾ ಎಂದು ಅವಳು ಕಣ್ಣಿನಲ್ಲೇ ಕೇಳಿದಳು. ಅವನು ಕಣ್ಣು ತಗ್ಗಿಸಿದ.

ಅಷ್ಟರಲ್ಲಿ ಎಸ್ತರ್ ಅವಳ ಕೈಯಿಂದ ಕಾಗದ ಕಿತ್ತುಕೊಂಡಿದ್ದಳು. ದೊಡ್ಡ ದನಿಯಲ್ಲಿ, ಚರ್ಚಿನಲ್ಲಿ ಬೈಬಲ್ ಓದುವವಳಂತೆ, ಓದಿದಳು. "ಗುಣಮುಖ! ಕೇಳಿದಿ ಅಂಬಕ್ಕಾ? ಗುಣಮುಖ ಅಂತ ಬರದಾರ!"

ಅಂಬಾಬಾಯಿ ಒಲೆಯ ಮುಂದಿನಿಂದ ಏಳಲು ಹೋಗಿ, ಆಗದೆ, ಅಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದಳು. ಕಪಾಟಿನಿಂದ ಸಕ್ಕರೆಯ ಡಬ್ಬಿ ಇಳಿಸಿದಳು. ಉಣ್ಣುತ್ತಿದ್ದವರ ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ. ಗುರುತಿದ್ದವರು, ಗುರುತಿಲ್ಲದವರು, ಬೇಡವೆಂದವರು. "ನನ್ನ ತಮ್ಮಗ ಆರಾಮಾಗೇತಿ, ತಗೋರಿ. ಯಂತ್ರದಾವರ ಬರದು ಕೊಟ್ಟಾರ, ತಗೋರಿ." ಕಡೆಗೆ ದಾಕ್ಷಾಯಣಿಯ ಎದುರು ಬಂದು ನಿಂತಳು. ಅಂಗೈಗೆ ಹಾಕಲಿಲ್ಲ.

"ಬಾಯಿ ತಗಿ ಯವ್ವಾ."

ಪರಶುರಾಮ ಬೀದಿಯ ಕಡೆ ಮುಖ ತಿರುಗಿಸಿದ್ದ. ದಾಕ್ಷಾಯಣಿ ಬಾಯಿ ತೆರೆದಳು. ಖಾರದ ವಾಸನೆಯ ಬೆರಳುಗಳು ಅವಳ ನಾಲಿಗೆಯ ಮೇಲೆ ಸಕ್ಕರೆ ಇಟ್ಟವು.

"ಮುಂದಿನ ನವರಾತ್ರಿಗೆ ತುಳಜಾಪುರಕ್ಕ ಹೋಗೂದು ಅಂತ ಬೇಡ್ಕೊಂಡೇನಿ, ಇಬ್ರೂ ಕೂಡಿ," ಎಂದಳು ಅಂಬಾಬಾಯಿ. "ಇನ್ನ ಒಂಬತ್ತ ತಿಂಗಳೈತಿ. ಅಷ್ಟರೊಳಗ ಅವಗ ಮೈ ಹತ್ತತೈತಿ, ಗುಡಿ ಮೆಟ್ಲಾ ಇಳಿಯೂವಷ್ಟು ಶಕ್ತಿ ಬರತೈತಿ. ಅಲ್ಲೇನ ಯವ್ವಾ? ನೀ ಓದಿದಾಕಿ, ಹೇಳು."

ಸಕ್ಕರೆ ಇನ್ನೂ ಕರಗಿರಲಿಲ್ಲ. ದಾಕ್ಷಾಯಣಿ ಹೌದೆಂದು ತಲೆಯಾಡಿಸಿದಳು.